ಎಳೆಯರ ಮಂಡಿ: ಬದಲಾಯಿಸುವ ಮೊದಲು ಉಳಿಸಿಕೊಳ್ಳೋಣ



ನನ್ನ ತರಗತಿಯ ಹುಡುಗನೊಬ್ಬ ಕಬಡ್ಡಿ ಆಡುವಾಗ ಮಂಡಿ ತಿರುಚಿಕೊಂಡು ಬಿದ್ದ. ಮನೆಯವರು ಎಣ್ಣೆ ತಿಕ್ಕಿಸಿ ಕಟ್ಟು ಹಾಕಿಸಿದರು. ಊತ ಇಳಿಯಿತು, ಎಲ್ಲರೂ ಮರೆತೆವು. ಮಂಡಿ ಮಾತ್ರ ಆಗಾಗ ಜಾರುತ್ತಲೇ ಇತ್ತು. ಮೂವತ್ತು ದಾಟಿದ ಮೇಲೆ ಬಂದು, "ಮೇಷ್ಟ್ರೇ, ಮಂಡಿ ಬದಲಾಯಿಸಿಬಿಡಲಾ?" ಎಂದು ಕೇಳಿದ.

ಕೃತಕ ಮಂಡಿ ವಯಸ್ಸಾದವರಿಗೆ ದೊಡ್ಡ ಉಪಕಾರ. ಆದರೆ ಅದೂ ಸವೆಯುತ್ತದೆ. 2017ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನದಂತೆ, 70 ದಾಟಿ ಮಂಡಿ ಬದಲಿಸಿಕೊಂಡವರಲ್ಲಿ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವುದು ನೂರಕ್ಕೆ ಸುಮಾರು 5 ಜನರಿಗೆ. ಐವತ್ತರ ಆರಂಭದ ಗಂಡಸರಲ್ಲಿ ಅದು 35ರವರೆಗೆ ಏರುತ್ತದೆ. ಆದ್ದರಿಂದ ಎಳೆಯರಲ್ಲಿ ಸ್ವಂತ ಕೀಲನ್ನು ಉಳಿಸುವ ದಾರಿಗಳನ್ನು ಮೊದಲು ನೋಡುತ್ತಾರೆ.

1. ಮಂಡಿಯೊಳಗಿನ ಅರ್ಧಚಂದ್ರಾಕಾರದ ಮೆತ್ತೆ (ಮೆನಿಸ್ಕಸ್) ಹರಿದರೆ, ಸಾಧ್ಯವಿದ್ದಲ್ಲಿ ಹೊಲಿಯುತ್ತಾರೆ. ಅದರ ಹೊರ ಅಂಚಿಗೆ ರಕ್ತ ಸಂಚಾರವಿರುವುದರಿಂದ ಅಲ್ಲಿನ ಗಾಯ ಚೆನ್ನಾಗಿ ಕೂಡುತ್ತದೆ.

2. ಅಸ್ಥಿರಜ್ಜು ಹರಿದು ಮಂಡಿ ಜಾರುತ್ತಿದ್ದರೆ, ರೋಗಿಯದೇ ತೊಡೆಯ ಸ್ನಾಯುರಜ್ಜು ತೆಗೆದು ಹೊಸದಾಗಿ ಕೂರಿಸುತ್ತಾರೆ. ಆಟಕ್ಕೆ ಮರಳಲು ಸುಮಾರು ಒಂಬತ್ತು ತಿಂಗಳು ಬೇಕು.

3. ಮೃದ್ವಸ್ಥಿ ಒಂದೇ ಕಡೆ ಕಿತ್ತಿದ್ದರೆ, ಆ ಜಾಗವನ್ನಷ್ಟೇ ತುಂಬುವ ವಿಧಾನಗಳಿವೆ.

4. ಕಾಲು ಡೊಂಕಾಗಿ ಮಂಡಿಯ ಒಂದೇ ಬದಿ ಸವೆದಿದ್ದರೆ, ಮೂಳೆಯನ್ನು ಕತ್ತರಿಸಿ ನೇರ ಮಾಡಿ ಭಾರವನ್ನು ಗಟ್ಟಿಯಾದ ಬದಿಗೆ ಹೊರಿಸುತ್ತಾರೆ. ಪಾವಗಡ, ಸಿರಾ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದರಿಂದಲೂ ಬೆಳೆಯುವ ಮಕ್ಕಳ ಕಾಲು ಡೊಂಕಾಗಬಹುದು.

ಇಡೀ ಕೀಲು ಸವೆದ ಮೇಲೆ ಈ ದಾರಿಗಳು ಉಳಿಯುವುದಿಲ್ಲ. ನಮ್ಮ ಹುಡುಗನಿಗೆ ಒಳಬದಿ ಮಾತ್ರ ಸವೆದಿತ್ತು. ಮೂಳೆ ನೇರ ಮಾಡಿಸಿಕೊಂಡು ಈಗ ತನ್ನ ಕೆಲಸ ಮಾಡಿಕೊಂಡಿದ್ದಾನೆ. ಶಾಲೆಯಲ್ಲಿದ್ದಾಗಲೇ ತೋರಿಸಿದ್ದರೆ ಮಂಡಿ ಇಷ್ಟು ಸವೆಯುತ್ತಿರಲಿಲ್ಲವೇನೋ ಎಂಬ ಕೊರಗು ನನಗಿದೆ.

ಪೋಷಕರೇ, ಪೆಟ್ಟಾದ ಮಂಡಿ ಜಾರಿದರೆ, ಸಿಕ್ಕಿಕೊಂಡರೆ, ಮತ್ತೆ ಮತ್ತೆ ಊದಿದರೆ ತಡಮಾಡಬೇಡಿ. ರಜ್ಜು, ಮೆತ್ತೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಎಂಆರ್‌ಐ ಬೇಕಾಗಬಹುದು. ಮೊದಲು ಸರ್ಕಾರಿ ಆಸ್ಪತ್ರೆಯ ಮೂಳೆ ವೈದ್ಯರಿಗೆ ತೋರಿಸಿ. ಬೆಂಗಳೂರಿನಲ್ಲಿ ಸರ್ಕಾರದ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆಯಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ನಿಮಗೆ ಹೇಳಿದ ಚಿಕಿತ್ಸೆ ಅದರಲ್ಲಿ ಸೇರಿದೆಯೇ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ.

ದಾನಿಗಳೇ, ಶಸ್ತ್ರಚಿಕಿತ್ಸೆಯ ನಂತರ ತಿಂಗಳುಗಟ್ಟಲೆ ವ್ಯಾಯಾಮ ಚಿಕಿತ್ಸೆ ನಡೆಯಬೇಕು. ಬಸ್ ಚಾರ್ಜಿಗೆ ಕಾಸಿಲ್ಲದೆ ಅದನ್ನು ಅರ್ಧಕ್ಕೆ ಬಿಡುವವರಿದ್ದಾರೆ. ಅಲ್ಲಿಯೂ ನಿಮ್ಮ ಕೈ ಇರಲಿ.