ಲೋಕಸಂಗೀತವೆಂಬ ನಾಮಫಲಕ

1987ನೆಯ ಇಸವಿ ಜೂನ್ ತಿಂಗಳಲ್ಲಿ ಲಂಡನ್ ನಗರದ ಒಂದು ಪಾನಗೃಹದಲ್ಲಿ ಸಣ್ಣ ಸಣ್ಣ ಗ್ರಾಮೋಫೋನ್ ಕಂಪೆನಿಗಳವರೂ ಅವರ ಮಿತ್ರರೂ ಸಭೆ ಸೇರಿದರು. ಅವರ ಕಷ್ಟವು ಕೇವಲ ವ್ಯಾಪಾರದ್ದು. ಆಫ್ರಿಕಾ, ದಕ್ಷಿಣ ಅಮೆರಿಕಾ, ಏಷ್ಯಾ ಖಂಡಗಳಿಂದ ಬಂದ ತಟ್ಟೆಗಳನ್ನು ಯಾವ ಗೂಡಿನಲ್ಲಿಡಬೇಕೆಂದು ಅಂಗಡಿಯವನಿಗೆ ತಿಳಿಯದು. ಇಡಲು ಎಡೆಯಿಲ್ಲದ ಸರಕನ್ನು ಅವನು ತರಿಸನು. ಹಲವು ಹೆಸರುಗಳು ಸೂಚಿತವಾಗಿ, ಕಡೆಗೆ ‘ವರ್ಲ್ಡ್ ಮ್ಯೂಸಿಕ್’, ಎಂದರೆ ಲೋಕಸಂಗೀತ, ಎಂಬುದು ನಿಂತಿತು.

ಉಪಾಯವು ಫಲಿಸಿತು. ಆದರೆ ಹೆಸರಿನೊಳಗೊಂದು ದೋಷವೂ ಸೇರಿಕೊಂಡಿತು. ಇಂಗ್ಲಿಷರ ಹಾಡು ಬರಿಯ ಹಾಡಾಗಿಯೇ ಉಳಿಯಿತು, ಮಿಕ್ಕವರದೆಲ್ಲ ‘ಲೋಕ’ವಾಯಿತು. ಸೆನೆಗಾಲಿನ ವೊಲೋಫ್ ಭಾಷೆಯ ಪದವೂ ಪೋರ್ತುಗಲ್ಲಿನ ಫಾದೋ ಗೀತವೂ ಪಾಕಿಸ್ತಾನದ ಕವ್ವಾಲಿಯೂ ಪರಸ್ಪರ ಯಾವ ಸಂಬಂಧವಿಲ್ಲದಿದ್ದರೂ ಒಂದೇ ಪೆಟ್ಟಿಗೆಯಲ್ಲಿ ಬಿದ್ದುವು. ನ್ಯೂಯಾರ್ಕಿನ ಸಂಗೀತಗಾರ ಡೇವಿಡ್ ಬರ್ನ್‌ರು 1999ರಲ್ಲಿ ಪತ್ರಿಕಾಲೇಖನವೊಂದನ್ನು ಬರೆದು ಈ ಹೆಸರನ್ನೇ ಖಂಡಿಸಿದರು.

ಹಾಗಾದರೆ ಪರದೇಶದ ಹಾಡನ್ನು ಕೇಳಿಸುವ ಸರಿಯಾದ ಕ್ರಮವಾವುದು? ಆ ಕಾಲದ ರೇಡಿಯೋ ಪ್ರಸಾರಕರಲ್ಲೊಬ್ಬರಾದ ಚಾರ್ಲಿ ಗಿಲೆಟ್‌ರ ಕೆಲಸದಲ್ಲಿ ಇದಕ್ಕೆ ಉತ್ತರವುಂಟೆಂದು ನಮ್ಮ ಅಭಿಪ್ರಾಯ. 1942ರಲ್ಲಿ ಜನಿಸಿದ ಈ ಮಹನೀಯರು 1972ರಲ್ಲಿ ಲಂಡನ್ನಿನ ಸ್ಥಳೀಯ ರೇಡಿಯೋದಲ್ಲಿ ಕಾರ್ಯಕ್ರಮವನ್ನಾರಂಭಿಸಿ, ಮೊದಲು ಅಮೆರಿಕಾದ ಹಾಡುಗಳನ್ನೇ ಬಹುವಾಗಿ ಕೇಳಿಸುತ್ತಿದ್ದರು. 1980ರ ದಶಕದಿಂದ ಆಫ್ರಿಕಾದ ಕಡೆಗೂ ಇತರ ದೇಶಗಳ ಕಡೆಗೂ ಕಿವಿ ತೆರೆದರು. 1999ರಿಂದ ಬಿ.ಬಿ.ಸಿ. ವರ್ಲ್ಡ್ ಸರ್ವೀಸಿನ ಮೂಲಕ ಅವರ ವಾರದ ಕಾರ್ಯಕ್ರಮವು ಅನೇಕ ದೇಶಗಳಿಗೆ ಮುಟ್ಟಿತು. 2010ರ ಮಾರ್ಚಿಯಲ್ಲಿ ಅವರು ನಿಧನರಾದರು.

ಅವರಲ್ಲಿ ಪಾಂಡಿತ್ಯದ ಆಡಂಬರವಿರಲಿಲ್ಲ. ಅತಿಥಿಯೊಬ್ಬರನ್ನು ಕರೆದು, ಅವರೊಂದು ತಟ್ಟೆ, ತಾವೊಂದು ತಟ್ಟೆ, ಹೀಗೆ ಸರದಿಯಂತೆ ಹಾಕುತ್ತಿದ್ದರು. ಎದುರಾಳಿಯು ಮುಂದೆ ಯಾವುದನ್ನು ಹಾಕುವನೆಂಬುದು ಇಬ್ಬರಿಗೂ ತಿಳಿಯದು. ಈ ಆಟಕ್ಕೆ ‘ರೇಡಿಯೋ ಪಿಂಗ್‌ಪಾಂಗ್’ ಎಂದು ಹೆಸರು. ಯೂಸೂ ಎನ್‌ಡೂರ್, ಸಾಲಿಫ್ ಕೈತಾ, ಮಾರೀಜಾ ಮೊದಲಾದವರು ಇವರ ಕೇಳುಗರಿಗೆ ಲೋಕಸಂಗೀತದ ಮಾದರಿಗಳಾಗಿ ಬರಲಿಲ್ಲ, ಹೆಸರೂ ಊರೂ ಉಳ್ಳ ಗಾಯಕರಾಗಿಯೇ ಬಂದರು. ನಾಮಕರಣದ ಆ ಸಭೆಯಲ್ಲಿ ಗಿಲೆಟ್‌ರೂ ಇದ್ದವರೆಂಬುದನ್ನು ಮರೆಯಬಾರದು. ಫಲಕವು ಅಂಗಡಿಯ ಬಾಗಿಲವರೆಗೆ ದಾರಿ ತೋರಿಸಬಹುದು. ಒಳಗಿರುವವರನ್ನು ಒಬ್ಬೊಬ್ಬರನ್ನಾಗಿ ಪರಿಚಯ ಮಾಡಿಸುವುದಕ್ಕೆ ಮನುಷ್ಯನೇ ಬೇಕು.

ಈ ವಿಚಾರವು ಕನ್ನಡಿಗರಿಗೆ ದೂರದ್ದಲ್ಲ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಶಿಶುನಾಳ ಶರೀಫರ ತತ್ತ್ವಪದಗಳನ್ನು ಇಂಗ್ಲೆಂಡಿನ ವೇದಿಕೆಗಳಲ್ಲಿ ಹಾಡಿ, 2011ರಲ್ಲಿ ಅಲ್ಲಿಯ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿಯನ್ನು ಪಡೆದರು. ಅಲ್ಲಿ ಅದೂ ಲೋಕಸಂಗೀತವೇ! ಶರೀಫರು ಯಾರು, ಅವರ ಗುರು ಗೋವಿಂದಭಟ್ಟರು ಯಾರು, ಮುಸಲ್ಮಾನ ಶಿಷ್ಯನಿಗೂ ಬ್ರಾಹ್ಮಣ ಗುರುವಿಗೂ ಏನು ಬಾಂಧವ್ಯ ಎಂಬುದನ್ನು ಯಾರಾದರೂ ಹೇಳದ ಹೊರತು ಫಲಕವು ಹೇಳಲಾರದು. ನಮ್ಮ ಹಾಡಿಗೆ ನಮ್ಮ ಹೆಸರು ಬೇಕೆಂದು ನಾವು ಬಯಸುವುದು ನ್ಯಾಯವೇ ಸರಿ.

ಆದರೆ ಅನ್ಯರನ್ನು ದೂಷಿಸುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳಬೇಡವೇ? ನಮ್ಮಲ್ಲಿಯೂ ಒಂದು ಪೆಟ್ಟಿಗೆಯುಂಟು. ಅದರ ಮೇಲೆ ‘ಜಾನಪದ ಗೀತೆ’ ಎಂದು ಬರೆದಿರುತ್ತದೆ. ಮಲೆಯ ಮಹದೇಶ್ವರನ ಕಂಸಾಳೆಯವರ ಹಾಡು, ಮಂಟೇಸ್ವಾಮಿಯ ನೀಲಗಾರರ ಕಾವ್ಯ, ತುಳುವರ ಪಾಡ್ದನ, ದುಡಿಯನ್ನು ಬಾರಿಸುತ್ತ ಕೊಡವರು ಹಾಡುವ ಪಾಟ್, ಆಫ್ರಿಕಾ ಮೂಲದವರಾಗಿ ಉತ್ತರ ಕನ್ನಡದ ಕಾಡುಗಳಲ್ಲಿ ನೆಲೆನಿಂತ ಸಿದ್ದಿಯರ ಹಾಡು, ಎಲ್ಲವೂ ಅದರೊಳಗೇ. ಹಾಡಿದವರ ಹೆಸರನ್ನು ಹೇಳದೆ, ಪದದ ಅರ್ಥವನ್ನು ತಿಳಿಸದೆ, ಎರಡು ಭಾಷಣಗಳ ನಡುವಣ ತೆರಪನ್ನು ತುಂಬಲು ಇವುಗಳನ್ನು ಹಾಡಿಸುವ ಸಮಾರಂಭಗಳು ವಾಚಕರಿಗೆ ಅಪರಿಚಿತವಲ್ಲ. ಲಂಡನ್ನಿನ ಅಂಗಡಿಯವನಿಗೆ ನಮ್ಮ ನುಡಿ ತಿಳಿಯದೆಂಬ ನೆಪವಾದರೂ ಇತ್ತು. ನಮಗೆ ಆ ನೆಪವೂ ಇಲ್ಲ.

ಆದಕಾರಣ ರೇಡಿಯೋ ನಿಲಯಗಳ ಅಧಿಕಾರಿಗಳಲ್ಲಿಯೂ ಸಮಾರಂಭಗಳನ್ನು ಏರ್ಪಡಿಸುವ ಮಹಾಶಯರಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೆ: ಪ್ರತಿಯೊಂದು ಹಾಡಿಗೂ ಮೊದಲು ಹಾಡುವವರ ಹೆಸರು, ಊರು, ನುಡಿ, ಪದದ ತಾತ್ಪರ್ಯ, ಈ ನಾಲ್ಕು ಮಾತುಗಳನ್ನು ಹೇಳಿರಿ. ಇದಕ್ಕೆ ಒಂದು ನಿಮಿಷವೂ ಹಿಡಿಯದು, ಕಾಸೂ ಖರ್ಚಾಗದು. ನೆರೆಯವನ ಹಾಡನ್ನು ಅವನ ಹೆಸರಿನಿಂದ ಕೇಳಲು ಕಲಿತವರಿಗೇ ತಮ್ಮ ಹೆಸರನ್ನು ಲೋಕವು ಹೇಳಬೇಕೆಂದು ಕೇಳುವ ಅಧಿಕಾರವುಂಟು.