ದುಬಾರಿ ಪೆಟ್ರೋಲ್ ಹಾಕಿಸಿದರೆ ಕಾರು ಹೆಚ್ಚು ಚೆನ್ನಾಗಿ ಓಡುತ್ತದೆಯೇ?

ಕೊಪ್ಪಳ, ಗಂಗಾವತಿ ಕಡೆಯ ಬಂಕ್‌ಗಳಲ್ಲಿ ಕಾರು ನಿಲ್ಲಿಸಿದರೆ ಕೇಳಿಬರುವ ಪ್ರಶ್ನೆ: ‘ಸಾದಾ ಹಾಕ್ಲೇನ್ರೀ, ಪವರ್ ಹಾಕ್ಲೇನ್ರೀ?’ ಹೊಸ ಕಾರು ಕೊಂಡವರು ಎರಡನೆಯದನ್ನೇ ಹೇಳುವುದುಂಟು. ರೇಟು ಹೆಚ್ಚಿದ್ದರೆ ಮಾಲೂ ಚಲೋ ಇರಬೇಕು ಎಂಬ ಲೆಕ್ಕ. ಸೋನಾಮಸೂರಿ ಅಕ್ಕಿ ಕೊಳ್ಳುವಾಗ ಈ ಲೆಕ್ಕ ಸರಿ ಇರಬಹುದು, ಪೆಟ್ರೋಲಿಗೆ ಹೊಂದುವುದಿಲ್ಲ.

ಪ್ರೀಮಿಯಂ ಪೆಟ್ರೋಲಿನ ಮೇಲೆ ಬರೆದಿರುವ 95, 100 ಎಂಬ ಸಂಖ್ಯೆಗಳು ಅದರ ಶಕ್ತಿಯನ್ನು ಹೇಳುವುದಿಲ್ಲ. ಎಂಜಿನ್ನಿನ ಸಿಲಿಂಡರ್‌ನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ. ಒತ್ತಿದಷ್ಟೂ ಅದು ಬಿಸಿಯಾಗುತ್ತದೆ. ಸ್ಪಾರ್ಕ್ ಪ್ಲಗ್‌ನ ಕಿಡಿಯಿಂದ ಹೊತ್ತಿದ ಬೆಂಕಿ ಎಲ್ಲ ಕಡೆ ಹರಡುವ ಮೊದಲೇ ಉಳಿದ ಮಿಶ್ರಣ ತಾನಾಗಿಯೇ ಸಿಡಿದರೆ ಎಂಜಿನ್ ‘ಟಣ್ ಟಣ್’ ಎಂದು ಬಡಿದುಕೊಳ್ಳುತ್ತದೆ. ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದಕ್ಕೇ. ಜೋರಾದ ನಾಕಿಂಗ್ ಬಹಳ ದಿನ ಮುಂದುವರಿದರೆ ಪಿಸ್ಟನ್ನೇ ಹಾಳಾಗಬಹುದು. ಹೀಗೆ ಹೊತ್ತಿಗೆ ಮುಂಚೆ ಸಿಡಿಯದೆ ತಡೆದುಕೊಳ್ಳುವ ಗುಣದ ಅಳತೆಯೇ ಆಕ್ಟೇನ್ ಸಂಖ್ಯೆ.

ಹಾಗಾಗಿ ನಿಮ್ಮ ಕಾರಿಗೆ ಯಾವುದು ಬೇಕು ಎಂಬುದನ್ನು ಕಾರಿನ ಮ್ಯಾನುಯಲ್ ಹೇಳಬೇಕು, ಬಂಕ್‌ನ ಹುಡುಗನಲ್ಲ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲೂ ಬರೆದಿರುವುದುಂಟು. ಅಲ್ಲಿ 91 ಸಾಕು ಎಂದಿದ್ದರೆ 100ರ ಪೆಟ್ರೋಲಿನಿಂದ ನಿಮಗೆ ಹೇಳಿಕೊಳ್ಳುವಂಥ ಲಾಭವಿಲ್ಲ. ಮಿಶ್ರಣವನ್ನು ಹೆಚ್ಚು ಒತ್ತುವ ಎಂಜಿನ್‌ಗಳು, ಕೆಲವು ಟರ್ಬೊ ಕಾರುಗಳು 95 ಕೇಳಬಹುದು. ಅಂಥವಕ್ಕೆ ಕಡಿಮೆಯದು ಹಾಕಿದರೆ ಅದರ ಕಂಪ್ಯೂಟರ್ ನಾಕಿಂಗನ್ನು ಗುರುತಿಸಿ ಕಿಡಿಯನ್ನು ತಡವಾಗಿ ಹೊತ್ತಿಸುತ್ತದೆ. ಎಂಜಿನ್ ಉಳಿಯುತ್ತದೆ, ಎಳೆತ ಕುಗ್ಗುತ್ತದೆ. (ಅಮೆರಿಕದ ವಿಡಿಯೊಗಳಲ್ಲಿ 87 ಎನ್ನುವುದನ್ನು ಕೇಳಿ ಗೊಂದಲಪಡಬೇಡಿ. ಅವರ ಅಳತೆಯ ವಿಧಾನ ಬೇರೆ, ಅದು ನಮ್ಮ 91ಕ್ಕೆ ಹತ್ತಿರ.)

ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ಹಿಂದೆ ಸಾದಾ ಪೆಟ್ರೋಲಿನ ಆಕ್ಟೇನ್ 88 ಇತ್ತು, ಆಮೇಲೆ 91 ಆಯಿತು. ಶೇ 20ರಷ್ಟು ಎಥೆನಾಲ್ ಬೆರೆಸಿದ ಇ20ಯಲ್ಲಿ ಅದು 95ಕ್ಕೆ ಏರಿದೆ ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಹೇಳಿತು. ಎಥೆನಾಲ್‌ನ ಸ್ವಂತ ಆಕ್ಟೇನ್ 100ಕ್ಕೂ ಮೇಲಿದೆ. ಅದು ತಯಾರಾಗುವುದು ಕಬ್ಬಿನಿಂದ, ನುಚ್ಚಕ್ಕಿಯಿಂದ, ಯಲಬುರ್ಗಾ, ಕುಷ್ಟಗಿಯ ಹೊಲಗಳಲ್ಲೂ ಬೆಳೆಯುವ ಮೆಕ್ಕೆಜೋಳದಿಂದ. ಅಂದರೆ ಸಾದಾ ಪೆಟ್ರೋಲೇ ಹಳೆಯ ಪ್ರೀಮಿಯಂನ ಮಟ್ಟಕ್ಕೆ ಬಂದಿರುವಾಗ 95ರ ಹೆಸರಿನಲ್ಲಿ ಹೆಚ್ಚು ಕೊಡುವ ಹಣ ಮುಖ್ಯವಾಗಿ ಅದರಲ್ಲಿರುವ ಎಂಜಿನ್ ಶುಚಿಗೊಳಿಸುವ ರಾಸಾಯನಿಕಗಳಿಗೆ ಹೋಗುತ್ತದೆ. ವ್ಯತ್ಯಾಸ ಲೀಟರಿಗೆ 8 ರೂಪಾಯಿ ಎಂದಿಟ್ಟುಕೊಂಡರೂ ತಿಂಗಳಿಗೆ 40 ಲೀಟರ್ ಹಾಕಿಸುವವರಿಗೆ ವರ್ಷಕ್ಕೆ 3,840 ರೂಪಾಯಿ!

ಹಾಗಾದರೆ ಮೈಲೇಜ್ ಯಾಕೆ ಕಡಿಮೆಯಾಗಿದೆ ಎಂದು ಕೇಳಬಹುದು. ಎಥೆನಾಲ್ ಆಕ್ಟೇನ್ ಏರಿಸುತ್ತದೆ ನಿಜ, ಆದರೆ ಅದರಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಇ20ಗೆಂದು ತಯಾರಾಗದ ಹಳೆಯ ಗಾಡಿಗಳಲ್ಲಿ ಇದರ ಪರಿಣಾಮ ಹೆಚ್ಚು ಕಾಣುತ್ತದೆ. ರಬ್ಬರ್ ಪೈಪು, ಸೀಲುಗಳನ್ನೂ ಆಗಾಗ ತೋರಿಸುವುದು ಒಳ್ಳೆಯದು. ಡೀಸೆಲ್ ಬೊಲೆರೊ, ಟ್ರ್ಯಾಕ್ಟರ್ ಇರುವವರಿಗೆ ಈ ಆಕ್ಟೇನ್ ಮಾತೇ ಅನ್ವಯಿಸುವುದಿಲ್ಲ.

ನಮ್ಮ ಭಾಗದಲ್ಲಿ ನಾಕಿಂಗ್‌ಗೆ ಬೇರೆ ಕಾರಣಗಳೂ ಇವೆ. 40 ಡಿಗ್ರಿ ಬಿಸಿಲು, ಐದು ಜನ, ಮೇಲೆ ಏಸಿ, ಏರು ರಸ್ತೆಯಲ್ಲೂ ಟಾಪ್ ಗೇರ್. ಶಬ್ದ ಕೇಳಿದರೆ ಮೊದಲು ಗೇರ್ ಇಳಿಸಿ ನೋಡಿ. ಅದಕ್ಕಿಂತ ದೊಡ್ಡ ಅಪಾಯ ಊರಿನ ಅಂಗಡಿಗಳಲ್ಲಿ ಬಾಟಲಿಯಲ್ಲಿ ಮಾರುವ ಪೆಟ್ರೋಲ್. ಅದಕ್ಕೆ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ ಬೆರೆಸಿದ್ದರೆ ಆಕ್ಟೇನ್ ಕುಸಿಯುತ್ತದೆ. 91, 95ರ ಚಿಂತೆಗಿಂತ ಇದನ್ನು ತಪ್ಪಿಸುವುದು ಮುಖ್ಯ. ಬಂಕ್‌ನಲ್ಲೇ ಅನುಮಾನ ಬಂದರೆ ಫಿಲ್ಟರ್ ಪೇಪರ್ ಕೇಳಿ, ಕೊಡಬೇಕಾದದ್ದು ಅವರ ಕರ್ತವ್ಯ. ಅದರ ಮೇಲೆ ಒಂದು ಹನಿ ಹಾಕಿ ಎರಡು ನಿಮಿಷ ಕಾಯಿರಿ. ಶುದ್ಧ ಪೆಟ್ರೋಲ್ ಕಲೆ ಉಳಿಸದೆ ಆರಿಹೋಗುತ್ತದೆ.