ಚಮರಿಯ ಬಾಲ ನಡೆದ ದಾರಿ

ಆಷಾಢದ ತೇರಿನ ದಿನ ಚಾಮರಾಜನಗರದ ರಥಬೀದಿ ಹೊಸ ಜೋಡಿಗಳಿಂದ ತುಂಬುತ್ತದೆ. ಅತ್ತೆ–ಸೊಸೆ ಒಂದೇ ಹೊಸ್ತಿಲು ತುಳಿಯಬಾರದೆಂದು ತವರು ಸೇರಿದ ಹುಡುಗಿ ಗಂಡನ ಜೊತೆ ನಿಂತು ಚಾಮರಾಜೇಶ್ವರನ ತೇರಿಗೆ ಹಣ್ಣು–ಜವನ ಎಸೆಯುತ್ತಾಳೆ. 2017ರಲ್ಲಿ ತೇರಿಗೆ ಬೆಂಕಿ ಬಿದ್ದು ನಿಂತುಹೋಗಿದ್ದ ಈ ಸಂಭ್ರಮ 2022ರಲ್ಲಿ ಹೊಸ ತೇರಿನೊಂದಿಗೆ ಮರಳಿತು.

ಆ ಗದ್ದಲದಲ್ಲೂ ನನ್ನ ಕಣ್ಣು ಹುಡುಕುವುದು ಚಾಮರವನ್ನು. ಒಂದು ಹಿಡಿ, ಅದರ ತುದಿಗೆ ಬಿಳಿ ಕೂದಲ ಜೊಂಪೆ. ಬೀಸಿದಾಗ ಎಳೆಗಳು ಹರಡಿಕೊಂಡು, ಕೈ ನಿಂತೊಡನೆ ಮತ್ತೆ ಕೂಡಿಕೊಳ್ಳುತ್ತವೆ. ಮೂಲದಲ್ಲಿ ಇದು ಹಿಮಾಲಯದ ಚಮರೀಮೃಗದ ಬಾಲ, ನೊಣ ಓಡಿಸುವ ಸಾಧನ. ಅಷ್ಟು ದೂರದಿಂದ ಬರಬೇಕಾದ ಬಾಲ ಎಲ್ಲರ ಕೈಗೆಟುಕುವಂಥದ್ದಲ್ಲ. ಅದು ಅರಸನ ಪಕ್ಕ ಸೇರಿತು. ಅರಸನಿಗೆ ಸಲ್ಲುವುದೆಲ್ಲ ದೇವರಿಗೂ ಸಂದಿತು. ದಿಗಂಬರ ಜೈನರ ಅಷ್ಟಮಂಗಳಗಳಲ್ಲಿ ಕಲಶ, ಕನ್ನಡಿ, ಛತ್ರಗಳ ಸಾಲಿನಲ್ಲಿ ಚಾಮರವೂ ಇದೆ.

ಜೈನರಿಗೂ ಈ ಊರು ಹಳೆಯದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ 1117ರಲ್ಲಿ ಇಲ್ಲಿ ಬಸದಿ ಕಟ್ಟಿಸಿದ. ಅರಿಕುಠಾರ ಎನಿಸಿದ್ದ ಊರಿಗೆ 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇಲ್ಲೇ ಹುಟ್ಟಿದ ತಮ್ಮ ತಂದೆಯ ಹೆಸರಿಟ್ಟರು. ಆಮೇಲೆ ಕಟ್ಟಿಸಿದ ಗುಡಿಯ ದೇವರಿಗೂ ಅದೇ ಹೆಸರು. ಊರ ಹೆಸರಲ್ಲಿ ‘ಚಾಮರ’ ಕೇಳಿಸಿದರೂ ಬಿಡಿಸಿ ಓದಬೇಕಾದ್ದು ಚಾಮ–ರಾಜ ಎಂದೇ. ಆದರೂ ಆ ಸದ್ದು ನನಗೆ ಪ್ರಿಯ.

ಚಾಮರ ಬೌದ್ಧರಲ್ಲಿ ಬೇರೆಯೇ ದಾರಿ ಹಿಡಿಯಿತು. ಅವರ ವಿನಯ ನಿಯಮ ಭಿಕ್ಷುಗಳಿಗೆ ಚಮರಿಯ ಬಾಲ ಬೇಡವೆಂದಿತ್ತು. ನಾರು, ಲಾವಂಚ, ನವಿಲುಗರಿಯ ಬೀಸಣಿಗೆ ಸಾಕು. ಆದರೆ ಧರ್ಮ ಚೀನಾಕ್ಕೆ ಹೋದ ಮೇಲೆ, ಚಾನ್ ಮಠಗಳ ಗುರುಗಳ ಕೈಯಲ್ಲಿ ಕೂದಲ ಚಾಮರವೇ ಕಾಣಿಸಿಕೊಂಡಿತು. ಐಸಾಯ್ ಎಂಬ ಭಿಕ್ಷು 1191ರಲ್ಲಿ ಚೀನಾದಿಂದ ಜಪಾನಿಗೆ ಮರಳಿದ. ಅಲ್ಲಿ ಚಾನ್ ಪಂಥ ಝೆನ್ ಎಂಬ ಹೆಸರಲ್ಲಿ ಬೇರೂರಿದಂತೆ ‘ಹೊಸ್ಸು’ ಎಂಬ ಹೆಸರಿನಲ್ಲಿ ಚಾಮರವೂ ನೆಲೆಯಾಯಿತು. ನಮ್ಮಲ್ಲಿ ಸೇವಕ ಒಡೆಯನಿಗೆ ಬೀಸುತ್ತಾನೆ. ಅಲ್ಲಿ ಗುರುವೇ ಹಿಡಿದು ಕೂರುತ್ತಾನೆ, ಮುಂದೆ ಶಿಷ್ಯನಿಗೆ ಒಪ್ಪಿಸುತ್ತಾನೆ. ವಸ್ತು ಅದೇ, ಹಿಡಿದ ಕೈ ಬದಲಾಗಿ ಅರ್ಥವೂ ಬದಲಾಯಿತು.

ತೇರು ಮುಂದೆ ಸಾಗುತ್ತದೆ. ಜವನ ಎಸೆದ ಹುಡುಗಿ ಸಡಿಲಗೊಂಡ ಜಡೆಯನ್ನು ಮುಂದಕ್ಕೆಳೆದು ಚೌರಿಯನ್ನು ಬಿಗಿ ಮಾಡಿಕೊಳ್ಳುತ್ತಾಳೆ. ಆ ಚೌರಿ ಎಂಬ ಮಾತೂ ಚಮರಿಯಿಂದಲೇ ಬಂದದ್ದು.